ಕೊಡಲು ಹೋದ ಕಿಡ್ನಿ

ಅವಳಿಗೆ ಮನೆಯವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಮಾತು ಬಂದಾಗಿನಿಂದ ಬಾಯಿ ತೆರೆದರೆ 'ಯಾಕೆ' ಎನ್ನುತ್ತಿದ್ದುದರಿಂದ ಯಾಕಮ್ಮ ಎಂಬ ಅಡ್ಡಹೆಸರೇ ಗಟ್ಟಿಯಾಗಿ ಅಂಟಿಕೊಂಡಿತು. ಬೆಕ್ಕಿಗೆ ಮೀಸೆ ಯಾಕೆ, ಯಾವ ಬಣ್ಣದ ಸೋಪು ಉಜ್ಜಿದರೂ ನೊರೆ ಬಿಳಿ ಯಾಕೆ, ಅಪ್ಪನ ಗೊರಕೆ ಮನೆಗೆಲ್ಲ ಕೇಳಿದರೂ ಅಪ್ಪನಿಗೆ ಮಾತ್ರ ಕೇಳುವುದಿಲ್ಲ ಯಾಕೆ. ಐವತ್ತು ದಾಟಿದರೂ ಆ ಚಾಳಿ ಹೋಗಿರಲಿಲ್ಲ.

ಬೀಗ ರಿಪೇರಿ ಮಾಡುವವನ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಅವಳ ಹೊಲಿಗೆ ಅಂಗಡಿ. ಒಂದು ಮಷೀನು, ಆಳೆತ್ತರದ ಕನ್ನಡಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಕಿಟಕಿಯ ಕಂಬಿಗೆ ನೇತುಹಾಕಿದ ಅರ್ಧ ಹೊಲಿದ ಕೋಟುಗಳು. ಅಳತೆ ಕೊಡಲು ಬಂದವರು ಅಳತೆಯ ಜೊತೆಗೆ ತಮ್ಮ ಅರ್ಧ ಜಾತಕವನ್ನೂ ಕೊಟ್ಟು ಹೋಗುತ್ತಿದ್ದರು. ಅವಳು ಕೇಳುತ್ತಿದ್ದ ರೀತಿಯೇ ಹಾಗಿತ್ತು. ಮದುವೆಯ ಗೊಡವೆಗೆ ಹೋಗದ ಅವಳಿಗೆ ಹತ್ತಿರದವರೆಂದರೆ ಎರಡು ಬೀದಿ ಆಚೆ ಇದ್ದ ತಮ್ಮ ಮತ್ತು ಅವನ ಹೆಂಡತಿ.

ತಮ್ಮ ಸಿಟಿ ಬಸ್ಸಿನ ಡ್ರೈವರು. ಅವನಿಗೆ ಸಕ್ಕರೆ ಕಾಯಿಲೆ ಶುರುವಾಗಿ ಬಹಳ ವರ್ಷಗಳಾಗಿದ್ದವು. ನೆನಪಾದ ದಿನ ಮಾತ್ರೆ, ಮರೆತ ದಿನ ಇಲ್ಲ. "ನನಗೇನೂ ಆಗ್ತಿಲ್ಲವಲ್ಲ" ಎನ್ನುವುದು ಅವನ ಒಂದೇ ವಾದ. ಆಮೇಲೆ ಸಂಜೆ ಹೊತ್ತಿಗೆ ಬೂಟು ಬಿಗಿಯಾಗತೊಡಗಿತು. ಬೆಳಿಗ್ಗೆ ಎದ್ದರೆ ಕಣ್ಣಿನ ಕೆಳಗೆ ಊತ. ಬಚ್ಚಲಿಗೆ ಹೋದರೆ ಮೂತ್ರದಲ್ಲಿ ಹಾಲು ಕರೆದ ಹಾಗೆ ನೊರೆ. ಅದನ್ನೂ ಎಷ್ಟೋ ತಿಂಗಳು ಯಾರಿಗೂ ಹೇಳಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಿ ಸೀಟಿನಲ್ಲಿ ಕೂರುವುದಕ್ಕೇ ಏದುಸಿರು ಬಂದ ದಿನ ಡಿಪೋದವರು ಆಸ್ಪತ್ರೆಗೆ ಕರೆದೊಯ್ದರು. ಎರಡೂ ಕಿಡ್ನಿ ಕೆಲಸ ಬಿಡುತ್ತಾ ಬಂದಿವೆ, ಡಯಾಲಿಸಿಸ್ ಶುರು ಮಾಡಬೇಕಾಗುತ್ತದೆ, ಯಾರಾದರೂ ಕಿಡ್ನಿ ಕೊಡುವವರಿದ್ದರೆ ಅದು ಎಲ್ಲಕ್ಕಿಂತ ಒಳ್ಳೆಯದು ಎಂದರು.

"ನಂದು ಒಂದು ತಗೋ" ಎಂದಳು ಯಾಕಮ್ಮ ಅದೇ ದಿನ.

"ಅದೇನು ಗುಂಡಿನಾ ಅಕ್ಕ, ಒಂದು ಕಡೆ ಕಿತ್ತು ಇನ್ನೊಂದು ಕಡೆ ಹೊಲಿಯಕ್ಕೆ?"

"ಹೊಲಿಯೋದೇ ತಾನೆ. ನನಗೆ ಒಂದು ದಿನ ಜ್ವರ ಬಂದಿದ್ದು ನೋಡಿದೀಯಾ? ಡಾಕ್ಟರ ಮುಖ ನೋಡಿ ಎಷ್ಟು ವರ್ಷ ಆಯ್ತೋ ಏನೋ. ನನ್ನ ಸಾಮಾನು ಎಲ್ಲಾ ಹೊಸದರ ಹಾಗಿದೆ."

ಅವನು ಬೇಡ ಎಂದ. ಅವಳು ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಿಡ್ನಿ ಡಾಕ್ಟರು ಅವಳಿಗಿಂತ ಚಿಕ್ಕ ವಯಸ್ಸಿನ ಹೆಂಗಸು. ತುರುಬಿನಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದರು. ಯಾಕಮ್ಮ ತೋರಿಸಿಕೊಟ್ಟಳು. ಕೂತವಳೇ ಕೇಳಿದಳು: "ಸಕ್ಕರೆ ಇರೋದು ರಕ್ತದಲ್ಲಿ. ಕಿಡ್ನಿ ಯಾಕೆ ಕೆಡಬೇಕು?"

ಕಿಡ್ನಿ ಕೊಡಲು ಬಂದವರು ಸಾಮಾನ್ಯವಾಗಿ ನೋವಾಗುತ್ತದೆಯೇ, ಎಷ್ಟು ದಿನ ಮಲಗಬೇಕು ಎಂದು ಕೇಳುತ್ತಾರೆ. ಡಾಕ್ಟರು ಪೆನ್ಸಿಲು ಹಿಡಿದು ಕಾಗದದ ಮೇಲೆ ಏನೋ ಗೀಚಿದರು. ನೂಲಿನ ಉಂಡೆಯ ಹಾಗೆ ಕಾಣುತ್ತಿತ್ತು.

"ಕೂದಲಿಗಿಂತ ಸಣ್ಣ ರಕ್ತನಾಳ ಹೀಗೆ ಉಂಡೆ ಕಟ್ಟಿಕೊಂಡಿರುತ್ತೆ. ಒಂದೊಂದು ಕಿಡ್ನಿಯಲ್ಲೂ ಇಂಥವು ಲಕ್ಷಗಟ್ಟಲೆ. ಮೈಯಲ್ಲಿರೋ ರಕ್ತ ಎಲ್ಲಾ ದಿನವಿಡೀ ಇಲ್ಲಿ ಹಾದು ಹೋಗ್ತಾನೇ ಇರುತ್ತೆ. ಬೇಕಾದ್ದು ಒಳಗೆ ಉಳಿಯುತ್ತೆ, ಬೇಡದ್ದು ಮೂತ್ರ ಆಗುತ್ತೆ."

"ಇದು ಉಂಡೆ ಅಲ್ಲ ಡಾಕ್ಟ್ರೇ, ಸಿಕ್ಕು. ಉಂಡೆಗೆ ಒಂದು ಕ್ರಮ ಇರುತ್ತೆ."

"ಸರಿ, ಸಿಕ್ಕು" ಎಂದು ಡಾಕ್ಟರು ನಕ್ಕರು. "ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ರೆ ಈ ನಾಳದ ಗೋಡೆ ದಪ್ಪ ಆಗುತ್ತೆ, ಗಡುಸಾಗುತ್ತೆ. ಆಮೇಲೆ ಸೋರಕ್ಕೆ ಶುರುವಾಗುತ್ತೆ. ಒಳಗೇ ಇರಬೇಕಾದ ಪ್ರೋಟೀನು ಹೊರಗೆ ಹೋಗುತ್ತೆ. ನಿಮ್ಮ ತಮ್ಮ ನೊರೆ ನೋಡಿದ್ದು ಅದಕ್ಕೇ."

"ಸ್ವಲ್ಪ ನಿಲ್ಲಿ. ದಪ್ಪ ಆದ್ಮೇಲೆ ಸೋರೋದು ಹೇಗೆ? ದಪ್ಪ ಬಟ್ಟೇಲಿ ನೀರು ನಿಲ್ಲಬೇಕಲ್ಲ."

ಡಾಕ್ಟರು ಪೆನ್ಸಿಲು ಕೆಳಗಿಟ್ಟು ಅವಳನ್ನು ಸರಿಯಾಗಿ ನೋಡಿದರು. "ದಪ್ಪ ಆಗುತ್ತೆ, ಆದ್ರೆ ನೇಯ್ಗೆ ಕೆಡುತ್ತೆ. ಎಳೆ ಎಳೆ ಬಿಟ್ಕೊಂಡ ಕಂಬಳಿ ದಪ್ಪ ಇದ್ದರೂ ತೂತೇ ಅಲ್ವಾ?"

"ಇಷ್ಟೆಲ್ಲಾ ಆದ್ರೂ ಅವನಿಗೆ ನೋವೇ ಆಗಲಿಲ್ಲ."

"ಕಿಡ್ನಿ ಬಾಯಿ ಬಿಡಲ್ಲ. ಬಹುಪಾಲು ಕೆಟ್ಟು ಹೋಗೋತನಕ ಉಳಿದದ್ದು ಸುಮ್ಮನೆ ಎಲ್ಲರ ಕೆಲಸ ಮಾಡ್ತಿರುತ್ತೆ. ನೋವು ಆಗಿದ್ದಿದ್ರೆ ಯಾವತ್ತೋ ಬಂದಿರ್ತಿದ್ರು."

ಪರೀಕ್ಷೆಗಳು ಶುರುವಾದವು. ಯಾಕಮ್ಮನಿಗೆ ಅದೊಂದು ಪ್ರವಾಸದ ಹಾಗಿತ್ತು. ರಕ್ತ ತೆಗೆಯುವವಳಿಗೆ ಒಂದೊಂದು ಬಾಟಲಿಯ ಮುಚ್ಚಳಕ್ಕೂ ಬೇರೆ ಬೇರೆ ಬಣ್ಣ ಯಾಕೆ ಎಂದು ಕೇಳಿದಳು. ಸ್ಕ್ಯಾನ್ ಕೋಣೆಯಲ್ಲಿ ಪರದೆಯನ್ನು ತನ್ನ ಕಡೆ ತಿರುಗಿಸುವಂತೆ ಹಟ ಹಿಡಿದಳು. ಬೂದು ಬಣ್ಣದ ಮೋಡದ ನಡುವೆ ಅವರೆಕಾಳಿನಂಥದ್ದೊಂದು ಉಸಿರಿನ ಜೊತೆ ಮೇಲೆ ಕೆಳಗೆ ಆಡುತ್ತಿತ್ತು.

"ಇದು ನಂದೇನಾ?"

"ನಿಮ್ಮದೇ. ಎಡಗಡೇದು. ಬಲಗಡೇದು ಸರಿಯಾಗಿ ಕಾಣ್ತಿಲ್ಲ, ಇನ್ನೂ ಸ್ವಲ್ಪ ಉಸಿರು ಎಳ್ಕೊಳ್ಳಿ."

"ಅದಕ್ಕೆ ನಾಚಿಕೆ. ಎಡಗಡೇದನ್ನೇ ಕೊಡೋಣ" ಎಂದಳು. ತನ್ನೊಳಗೇ ಇದ್ದು ಇಷ್ಟು ವರ್ಷ ಪರಿಚಯವಿಲ್ಲದ ಒಂದು ಜೀವವನ್ನು ಕಂಡ ಹಾಗಾಗಿ ಅವಳಿಗೆ ಅದರ ಮೇಲೆ ಅಕ್ಕರೆ ಉಕ್ಕಿತು.

ತೊಡಕು ಶುರುವಾದದ್ದು ಬಿಪಿ ನೋಡುವ ನರ್ಸಿನ ಹತ್ತಿರ. ಅವಳು ಒಂದು ಸಲ ನೋಡಿದಳು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೆ ನೋಡಿದಳು. ಇನ್ನೊಂದು ತೋಳಿಗೆ ಪಟ್ಟಿ ಸುತ್ತಿ ಮತ್ತೂ ನೋಡಿದಳು.

"ಮೆಟ್ಟಿಲು ಹತ್ಕೊಂಡು ಬಂದ್ರಾ?"

"ಲಿಫ್ಟಲ್ಲಿ ಬಂದೆ."

"ಭಯ ಏನಾದ್ರೂ ಇದೆಯಾ?"

"ಭಯ ಯಾಕೆ? ನಾನೇ ಬೇಕು ಅಂತ ಬಂದಿದೀನಿ."

ಆಸ್ಪತ್ರೆಗೆ ಬಂದರೆ ಕೆಲವರಿಗೆ ಸುಮ್ಮಸುಮ್ಮನೆ ಬಿಪಿ ಏರುವುದುಂಟು ಎಂದು ಡಾಕ್ಟರು ಅವಳ ತೋಳಿಗೆ ಒಂದು ಪಟ್ಟಿ, ಸೊಂಟಕ್ಕೆ ಒಂದು ಸಣ್ಣ ಯಂತ್ರ ಕಟ್ಟಿ ಕಳಿಸಿದರು. ಒಂದು ಹಗಲು ಒಂದು ರಾತ್ರಿ ಅದು ಇರಬೇಕು. ಆಗಾಗ ತಾನಾಗಿಯೇ ಉಬ್ಬಿ, ಅಳತೆ ತೆಗೆದುಕೊಂಡು ಇಳಿಯುತ್ತದೆ. ಊರವರ ಅಳತೆಯನ್ನೆಲ್ಲ ತಾನು ತೆಗೆದರೆ ತನ್ನ ಅಳತೆ ತೆಗೆಯುವುದೊಂದು ಬಂತಲ್ಲ ಎಂದು ಯಾಕಮ್ಮ ಮೊದಲು ನಕ್ಕಳು.

ಆ ದಿನ ಪಿಟೀಲು ನುಡಿಸುವವನೊಬ್ಬ ಅರ್ಧ ಹೊಲಿದ ಕೋಟು ತೊಟ್ಟು ನೋಡಲು ಬಂದಿದ್ದ. ಬಲತೋಳು ಎತ್ತಿದಾಗ ಹೆಗಲು ಹಿಡಿಯಬಾರದು ಎಂಬುದು ಅವನ ಬೇಡಿಕೆ. ಅವಳು ಅವನ ಕೋಟಿನ ಕಂಕುಳಲ್ಲಿ ಗುಂಡುಸೂಜಿ ಚುಚ್ಚುತ್ತಿರುವಾಗ ಯಂತ್ರ ಗುರ್ರೆಂದಿತು. ತೋಳು ಕೆಳಗಿಳಿಸಿ ಅಲ್ಲಾಡದೆ ನಿಂತುಬಿಟ್ಟಳು. ಅವನೂ ಕಮಾನು ಹಿಡಿದ ಭಂಗಿಯಲ್ಲಿ ಹಾಗೆಯೇ ನಿಂತ.

"ಏನದು?"

"ನನ್ನ ಅಳತೆ ತಗೋತಿದೆ. ಮಾತಾಡಬೇಡಿ, ನಕ್ಕರೆ ತಪ್ಪಾಗುತ್ತಂತೆ."

ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡುತ್ತಾ ಉಸಿರು ಬಿಗಿಹಿಡಿದರು. ಪಟ್ಟಿ ಇಳಿದ ಮೇಲೆ ಅವನು, "ಎಷ್ಟು ಬಂತು?" ಎಂದ. ಯಂತ್ರದ ಸಣ್ಣ ಕಿಟಕಿಯಲ್ಲಿದ್ದ ಅಂಕಿ ಓದಿದಳು. ಅವನು ತೋಳು ಇಳಿಸಿದ. "ನಮ್ಮ ಅಪ್ಪನಿಗೆ ಇಷ್ಟೇ ಇತ್ತು" ಎಂದಷ್ಟೇ ಹೇಳಿದ. ಅಪ್ಪನಿಗೆ ಆಮೇಲೆ ಏನಾಯಿತು ಎಂದು ಯಾಕಮ್ಮ ಕೇಳಲಿಲ್ಲ. ಕೇಳಬೇಕೆಂದು ನಾಲಿಗೆ ತುದಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡದ್ದು ಅವಳ ಜೀವಮಾನದಲ್ಲಿ ಅಪರೂಪ.

ಮೂತ್ರ ಪರೀಕ್ಷೆಯನ್ನೂ ಎರಡೆರಡು ಸಲ ಮಾಡಿಸಿದರು. ಕಣ್ಣಿಗೆ ಹನಿ ಹಾಕಿ ಒಳಗೆಲ್ಲ ನೋಡಿದರು. ಕೊನೆಗೆ ಡಾಕ್ಟರು ಕರೆದಾಗ ಪೆನ್ಸಿಲು ಮೇಜಿನ ಮೇಲೇ ಇತ್ತು.

"ನಿಮ್ಮ ಕಿಡ್ನಿ ತಗೊಳ್ಳಕ್ಕಾಗಲ್ಲ."

ಯಾಕಮ್ಮ ಚೀಲವನ್ನು ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡಳು. "ಯಾಕೆ?"

"ನಿಮಗೆ ಬಿಪಿ ಇದೆ. ಇವತ್ತು ನಿನ್ನೆಯದಲ್ಲ, ವರ್ಷಗಳಿಂದ ಇರಬೇಕು. ಕಣ್ಣಿನ ಹಿಂದಿನ ನಾಳಗಳಲ್ಲೂ ಅದರ ಗುರುತಿದೆ. ಮೂತ್ರದಲ್ಲಿ ಪ್ರೋಟೀನು ಸ್ವಲ್ಪ ಹೋಗ್ತಿದೆ. ಸೋಸೋ ಶಕ್ತಿ ನಿಮ್ಮ ವಯಸ್ಸಿಗೆ ಇರಬೇಕಾದ್ದಕ್ಕಿಂತ ಕಮ್ಮಿ ಇದೆ. ಮೂರು ತಿಂಗಳು ಬಿಟ್ಟು ಮತ್ತೆ ನೋಡಿ ಖಚಿತ ಮಾಡ್ಕೊಳ್ಳೋಣ. ಆದ್ರೆ ನಿಮ್ಮ ಕಿಡ್ನಿಗೂ ಪೆಟ್ಟು ಬಿದ್ದಿದೆ ಅಂತಲೇ ನನ್ನ ಅಂದಾಜು."

"ನನಗೆ ಸಕ್ಕರೆ ಇಲ್ಲ."

"ಇಲ್ಲ. ಅದನ್ನೂ ನೋಡಿದ್ವಿ."

"ಅವನಿಗೆ ಸಕ್ಕರೆ, ನನಗೆ ಬಿಪಿ. ಇಬ್ಬರೂ ಬಂದು ಅದೇ ಸಿಕ್ಕಿನಲ್ಲಿ ಹೇಗೆ ಸಿಕ್ಕಿಹಾಕ್ಕೊಂಡ್ವಿ?"

ಪ್ರಶ್ನೆ ಮೊದಲಿನ ಹಾಗೆಯೇ ಇತ್ತು, ದನಿ ಮಾತ್ರ ಬೇರೆಯಾಗಿತ್ತು. ಡಾಕ್ಟರು ನೀರಿನ ಲೋಟ ಮುಂದೆ ಸರಿಸಿದರು. "ಸಕ್ಕರೆ ಗೋಡೆ ಕೆಡಿಸುತ್ತೆ ಅಂದೆನಲ್ಲ. ಬಿಪಿ ಅಂದ್ರೆ ರಕ್ತ ಗೋಡೆಗೆ ಗುದ್ದೋ ಗುದ್ದು. ವರ್ಷಗಟ್ಟಲೆ ಗುದ್ದು ತಿಂದು ನಾಳಗಳು ಬಿರುಸಾಗ್ತವೆ, ಒಳಗೆ ಕಿರಿದಾಗ್ತವೆ. ಉಂಡೆಗೆ, ಅಲ್ಲಲ್ಲ, ಸಿಕ್ಕಿಗೆ ರಕ್ತ ಸಾಕಾಗಲ್ಲ. ಒಂದೊಂದೇ ಒಣಗ್ತಾ ಬರುತ್ತೆ. ಸಕ್ಕರೆ ಬಿಪಿ ಎರಡೂ ಇದ್ರಂತೂ ಬೇಗ. ನಿಮ್ಮ ತಮ್ಮನಿಗೆ ಈಗ ಬಿಪಿನೂ ಇದೆ."

"ಅವನಿಗೆ ಬಿಪಿ ಯಾವಾಗ ಬಂತು?"

"ಕಿಡ್ನಿ ಕೆಟ್ಟ ಮೇಲೆ ಬಂದಿರಬಹುದು. ಕಿಡ್ನಿ ಕೆಟ್ರೆ ಉಪ್ಪು, ನೀರು ಮೈಯಲ್ಲೇ ಉಳಿಯುತ್ತೆ, ಬಿಪಿ ಏರುತ್ತೆ. ಏರಿದ ಬಿಪಿ ಉಳಿದ ಕಿಡ್ನಿನೂ ಕೆಡಿಸುತ್ತೆ."

"ಹಾಗಾದ್ರೆ ನನ್ನಲ್ಲಿ ಯಾವುದು ಮೊದಲು? ಬಿಪಿ ಬಂದು ಕಿಡ್ನಿ ಕೆಟ್ಟಿತಾ, ಕಿಡ್ನಿ ಕೆಟ್ಟು ಬಿಪಿ ಬಂತಾ?"

"ಗೊತ್ತಿಲ್ಲ" ಎಂದರು ಡಾಕ್ಟರು. "ಬಿಪಿ ಮೊದಲು ಅಂತ ಅನ್ಸುತ್ತೆ. ಆದ್ರೆ ಶುರುವಾದಾಗ ಯಾರೂ ನೋಡಿಲ್ಲವಲ್ಲ."

ಆ ಉತ್ತರವೇ ಅವಳಿಗೆ ಹಿಡಿಸಿತು. ಗೊತ್ತಿಲ್ಲ ಎನ್ನುವವರ ಮಾತನ್ನು ನಂಬಬಹುದು ಎಂದುಕೊಂಡಳು. ಡಾಕ್ಟರು ಕತ್ತು ನೋವಿಗೆಂದು ಅವಳು ದಿನಾ ನುಂಗುತ್ತಿದ್ದ ನೋವಿನ ಮಾತ್ರೆಗಳ ಬಗ್ಗೆ ವಿಚಾರಿಸಿ, ಅವೂ ಕಿಡ್ನಿಗೆ ಒಳ್ಳೆಯದಲ್ಲ ಎಂದು ನಿಲ್ಲಿಸಿದರು. ಬಿಪಿಗೆ ಮಾತ್ರೆ ಕೊಟ್ಟರು. ಉಪ್ಪಿನ ಡಬ್ಬಿಯನ್ನು ಊಟದ ಮೇಜಿನಿಂದ ಎತ್ತಿಡಲು ಹೇಳಿದರು. ಬೇಗ ಸಿಕ್ಕಿದೆ, ಬಿಪಿ ಹಿಡಿತದಲ್ಲಿಟ್ಟರೆ ಎಷ್ಟೋ ವರ್ಷ, ಬಹುಶಃ ಕೊನೆಯತನಕ ಈ ಕಿಡ್ನಿಯಲ್ಲೇ ದೂಡಬಹುದು ಎಂದರು. ಅವಳು ತಲೆಯಾಡಿಸುತ್ತಿದ್ದಳೇ ಹೊರತು ಮನಸ್ಸೆಲ್ಲ ತಮ್ಮನ ಮನೆಯಲ್ಲಿತ್ತು.

ತಮ್ಮ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ. ಕೆಳಗೆ ಬಸ್ ಸ್ಟಾಪು. ರಜೆಯ ಮೇಲಿದ್ದಷ್ಟೂ ದಿನ ಬೇರೆಯವರ ಡ್ರೈವಿಂಗಿಗೆ ಮಾರ್ಕು ಹಾಕುವುದೇ ಅವನ ಉದ್ಯೋಗವಾಗಿತ್ತು.

"ನೋಡು ಅವನನ್ನ, ಬ್ರೇಕು ಹಾಕೋದಾ ಅದು? ಮುದುಕಿ ಮುಗ್ಗರಿಸಿದ್ಲು. ಏನಂದ್ರು ಡಾಕ್ಟ್ರು?"

ಅವಳು ಸುತ್ತುಬಳಸದೆ ಹೇಳಿದಳು. ಅವನು ಕೇಳಿಸಿಕೊಂಡು, ಅವಳ ಮುಖವನ್ನೇ ನೋಡಿ, ಇದ್ದಕ್ಕಿದ್ದಂತೆ ನಗತೊಡಗಿದ. ಎಷ್ಟೋ ತಿಂಗಳ ಮೇಲೆ ಅವನು ಹಾಗೆ ನಕ್ಕಿದ್ದ. ನಗು ಕೆಮ್ಮಾಗಿ, ಕಣ್ಣಲ್ಲಿ ನೀರು ಬಂತು.

"ಎಲ್ಲಾ ಹೊಸದರ ಹಾಗಿದೆ ಅಂದಿದ್ದೆ ನೀನು."

"ನಗಬೇಡ ಕಣೋ. ನಿನಗೆ ಕೊಡಕ್ಕಾಗಲಿಲ್ಲ."

"ಅಕ್ಕ, ನೀನು ಕೊಡ್ತೀನಿ ಅಂದಾಗಿನಿಂದ ನನಗೆ ನೆಟ್ಟಗೆ ನಿದ್ದೆ ಬಂದಿಲ್ಲ. ನಿನಗೇನಾದ್ರೂ ಆದ್ರೆ ಅಂತ. ಈಗ ನೋಡು, ನನ್ನಿಂದಾಗಿ ನಿಂದು ಗೊತ್ತಾಯ್ತು. ನನ್ನ ಕಿಡ್ನಿ ಕೆಟ್ಟಿದ್ದಕ್ಕೂ ಒಂದು ಉಪಯೋಗ ಆಯ್ತು."

ಅವಳು ಬಗ್ಗಿ ಅವನ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಹಿಟ್ಟಿನಲ್ಲಿ ಒತ್ತಿದ ಹಾಗೆ ಗುಳಿ ಉಳಿಯಿತು.

"ಅಮ್ಮನ ಕಾಲು ಹೀಗೇ ಇತ್ತು" ಎಂದಳು.

"ಅಮ್ಮನಿಗೆ ಹೃದಯ ಅಂದಿದ್ರು."

"ಅಂದಿದ್ರು. ಯಾರು ನೋಡಿದ್ರು? ನಾವಿಬ್ಬರೂ ಕಾಲಿನ ಮೇಲೆ ಬೆರಳು ಒತ್ತಿ ಆಟ ಆಡ್ತಿದ್ವಿ, ಯಾರ ಗುಳಿ ಆಳ ಅಂತ. ಅಮ್ಮ ಸುಮ್ಮನೆ ಒತ್ತಿಸ್ಕೊಂಡು ಕೂತಿರ್ತಿದ್ಲು. ನಾನು ಎಲ್ಲಾ ಕೇಳ್ದೆ, ಅದೊಂದು ಯಾಕೆ ಅಂತ ಕೇಳಲಿಲ್ಲ."

"ಕೇಳಿದ್ರೂ ಹೇಳೋರು ಯಾರಿದ್ರು ಬಿಡು."

ಅಷ್ಟು ಹೊತ್ತಿಗೆ ತಮ್ಮನ ಹೆಂಡತಿ ಕೆಲಸ ಮುಗಿಸಿ ಬಂದಳು. ಅಂಚೆ ಕಚೇರಿಯಲ್ಲಿ ಬೀದಿವಾರು ಕಾಗದ ವಿಂಗಡಿಸುವುದು ಅವಳ ಕೆಲಸ. ಮಾತು ಕಮ್ಮಿ. ಸೂಜಿಯೆಂದರೆ ಅವಳಿಗೆ ಪ್ರಾಣಭಯ. ಮಗಳಿಗೆ ಲಸಿಕೆ ಹಾಕಿಸಲು ಹೋಗಿ ತಾನೇ ತಲೆಸುತ್ತಿ ಬಿದ್ದದ್ದು ಮನೆಯವರಿಗೆಲ್ಲ ಹಳೆಯ ತಮಾಷೆ. ಆ ಮಗಳು ಈಗ ಬೇರೆ ಊರಿನಲ್ಲಿ ತುಂಬು ಗರ್ಭಿಣಿ. ಹಾಗಾಗಿ ಕಿಡ್ನಿಯ ಮಾತು ಬಂದಾಗ ಮಗಳ ಸುದ್ದಿಯನ್ನೇ ಯಾರೂ ಎತ್ತಿರಲಿಲ್ಲ.

ತಮ್ಮನೇ ಹೆಂಡತಿಗೆ ವಿಷಯ ಹೇಳಿದ. ಅವಳು ಬಾಗಿಲ ಬಳಿಯೇ ನಿಂತು ಚಪ್ಪಲಿ ಬಿಚ್ಚುತ್ತಾ ಕೇಳಿಸಿಕೊಂಡಳು.

"ನನ್ನನ್ನ ಯಾರೂ ಕೇಳಲೇ ಇಲ್ಲ" ಎಂದಳು.

"ಏನನ್ನ?"

"ಕಿಡ್ನಿ ಕೊಡ್ತೀಯಾ ಅಂತ."

ಜಗತ್ತಿನಲ್ಲಿರುವುದನ್ನೆಲ್ಲ ಕೇಳುವ ಯಾಕಮ್ಮನಿಗೆ ಇಷ್ಟು ಹತ್ತಿರದ ಈ ಪ್ರಶ್ನೆ ಹೊಳೆದಿರಲಿಲ್ಲ.

"ನಿನಗೆ ಸೂಜಿ ಕಂಡ್ರೆ ಆಗಲ್ಲವಲ್ಲಮ್ಮ" ಎಂದಳು ಮೆಲ್ಲಗೆ.

"ಆಗಲ್ಲ ಅತ್ತಿಗೆ. ಆದ್ರೆ ಅದಕ್ಕೂ ಇದಕ್ಕೂ ಏನು ಸಂಬಂಧ? ಕಣ್ಣು ಮುಚ್ಚಿಕೊಂಡ್ರಾಯ್ತು. ಬೇಡ ಅನ್ನೋದಿದ್ರೆ ಡಾಕ್ಟ್ರು ಅನ್ನಲಿ, ನೀವೇ ಮೊದಲು ಬೇಡ ಅಂದ್ಕೊಂಡ್ರೆ ಹೇಗೆ?" ದನಿ ಏರಿರಲಿಲ್ಲ. ಆದರೆ ಅವಳಿಗೆ ಎಷ್ಟು ನೋವಾಗಿತ್ತೆಂಬುದು ಅವಳು ಚಪ್ಪಲಿಯನ್ನು ಗೋಡೆಗೆ ಸರಿಯಾಗಿ ಜೋಡಿಸಿಟ್ಟ ರೀತಿಯಲ್ಲೇ ತಿಳಿಯಿತು.

ಈ ಸಲ ಯಾಕಮ್ಮ ಜೊತೆಗೆ ಹೋದಳು. ರಕ್ತ ತೆಗೆಯುವಾಗ ತಮ್ಮನ ಹೆಂಡತಿ ಕಣ್ಣು ಬಿಗಿಯಾಗಿ ಮುಚ್ಚಿ, ತಾನು ವಿಂಗಡಿಸುವ ಬೀದಿಗಳ ಹೆಸರನ್ನು ಒಂದಾದ ಮೇಲೊಂದು ಪಿಸುಗುಟ್ಟುತ್ತಿದ್ದಳು. ಊರಿನ ಉತ್ತರ ಭಾಗ ಮುಗಿಯುವಷ್ಟರಲ್ಲಿ ಬಾಟಲಿಗಳು ತುಂಬಿದವು. ಒಂದು ಸಲ ಮಾತ್ರ ಬಿದ್ದಳು, ಅದೂ ಎಲ್ಲ ಮುಗಿದು ಕುರ್ಚಿಯಿಂದ ಎದ್ದ ಮೇಲೆ. ಅವಳ ರಕ್ತದ ಗುಂಪು ಯಾರಿಗೆ ಬೇಕಾದರೂ ಕೊಡಬಹುದಾದಂಥದ್ದು. ಬಿಪಿ ಇಲ್ಲ, ಸಕ್ಕರೆ ಇಲ್ಲ, ಮೂತ್ರದಲ್ಲಿ ಏನೂ ಸೋರುತ್ತಿರಲಿಲ್ಲ.

ಪರೀಕ್ಷೆ, ಅನುಮತಿ ಎಲ್ಲ ಮುಗಿಯುವಷ್ಟರಲ್ಲಿ ತಮ್ಮನಿಗೆ ಡಯಾಲಿಸಿಸ್ ಶುರುವಾಗಿಯೇ ಬಿಟ್ಟಿತು. ವಾರಕ್ಕೆ ಮೂರು ದಿನ, ಅರ್ಧ ಹಗಲು. ಯಾಕಮ್ಮ ಗುಂಡಿಯ ಕಾಜಾ ಹೊಲಿಯುವ ಕೆಲಸ ತಂದುಕೊಂಡು ಅವನ ಪಕ್ಕ ಕೂರುತ್ತಿದ್ದಳು. ಕೆಂಪು ನಳಿಕೆಯಲ್ಲಿ ಹೊರಗೆ ಹೋದ ರಕ್ತ ಯಂತ್ರ ಸುತ್ತಿ ವಾಪಸು ಬರುವುದನ್ನು ನೋಡುತ್ತಿದ್ದಳು. ಇಷ್ಟು ದೊಡ್ಡ ಯಂತ್ರ ಇಷ್ಟು ಹೊತ್ತು ತೆಗೆದುಕೊಂಡು ಮಾಡಿದರೂ ಮುಷ್ಟಿಯಷ್ಟಿದ್ದ ಕಿಡ್ನಿಯ ಕೆಲಸದ ಸಣ್ಣ ಪಾಲಷ್ಟೇ ಆಗುತ್ತದೆ ಎಂದು ಅಲ್ಲಿನವನು ಹೇಳಿದಾಗ ಅವಳ ಕೈಯಲ್ಲಿದ್ದ ಸೂಜಿ ನಿಂತಿತು. ಮೂರು ತಿಂಗಳ ಮೇಲೆ ಅವಳ ಪರೀಕ್ಷೆಯೂ ಆಯಿತು. ಡಾಕ್ಟರ ಅಂದಾಜು ನಿಜವಾಗಿತ್ತು. ಆದರೆ ಬಿಪಿ ಇಳಿದಿತ್ತು, ಪ್ರೋಟೀನು ಹೋಗುವುದು ಕಮ್ಮಿಯಾಗಿತ್ತು.

ಆಪರೇಷನ್ನಿನ ದಿನ ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದ ಮೇಲೆ ಹೊರಗೆ ಅವಳೊಬ್ಬಳೇ. ಮಧ್ಯಾಹ್ನ ಕಳೆದ ಮೇಲೆ ಡಾಕ್ಟರು ಬಂದು, "ಜೋಡಿಸಿದ ತಕ್ಷಣ ಮೂತ್ರ ಬಂತು. ಮೇಜಿನ ಮೇಲೇ" ಎಂದರು. ಮೂತ್ರ ಬಂತೆಂದು ಕೇಳಿ ಯಾರಾದರೂ ಅಳುತ್ತಾರೆಯೇ ಎಂದು ಯಾಕಮ್ಮನಿಗೇ ಆಶ್ಚರ್ಯವಾಯಿತು, ಸೆರಗಿನಿಂದ ಮುಖ ಒರೆಸಿಕೊಂಡಳು.

ಕೆಲವು ದಿನಗಳ ಮೇಲೆ ತಮ್ಮನ ಹೆಂಡತಿ ಹೊಟ್ಟೆಗೆ ಕೈ ಆನಿಸಿಕೊಂಡು ನಿಧಾನವಾಗಿ ಗಂಡನ ಕೋಣೆಗೆ ನಡೆದು ಬಂದಳು. ಡಾಕ್ಟರು ಅಲ್ಲೇ ಇದ್ದರು. ಅವಳು ಸ್ವಲ್ಪ ಹಿಂಜರಿದು ಕೇಳಿದಳು:

"ನನ್ನಲ್ಲಿ ಅದಿದ್ದ ಜಾಗ ಈಗ ಖಾಲಿ ಇದೆಯಾ?"

"ಇಲ್ಲ, ಕರುಳು ಸರಿದು ಕೂತ್ಕೊಳ್ಳುತ್ತೆ. ಉಳಿದ ಕಿಡ್ನಿ ಸ್ವಲ್ಪ ದೊಡ್ಡದಾಗಿ ಹೆಚ್ಚಿನ ಕೆಲಸ ವಹಿಸ್ಕೊಳ್ಳುತ್ತೆ."

"ಇವರ ಹಳೇದು ಎಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಹೊಸದನ್ನ ಹೊಟ್ಟೆಯ ಮುಂದೆ ಕೆಳಗಡೆ ಇಡ್ತೀವಿ."

ಯಾಕಮ್ಮನಿಗೂ ಇದು ಗೊತ್ತಿರಲಿಲ್ಲ. "ಹಾಗಾದ್ರೆ ಇವನಿಗೆ ಮೂರು ಕಿಡ್ನಿ?"

"ಲೆಕ್ಕಕ್ಕೆ ಮೂರು. ಕೆಲಸಕ್ಕೆ ಒಂದು. ಮತ್ತೆ ಕೇಳಿಸ್ಕೊಳ್ಳಿ" ಎಂದು ಡಾಕ್ಟರು ತಮ್ಮನ ಕಡೆ ತಿರುಗಿದರು, "ಸಕ್ಕರೆಗೆ ಇದು ಯಾರದ್ದು ಅಂತ ಗೊತ್ತಾಗಲ್ಲ. ಮೊದಲಿನ ಹಾಗೇ ಬಿಟ್ರೆ ಇದನ್ನೂ ತಿನ್ನುತ್ತೆ."

"ಮೊದಲಿಂದು ನಂದಾಗಿತ್ತು, ಹೇಗೋ ಇಟ್ಕೊಂಡೆ" ಎಂದ ಅವನು. "ಇದು ಅವಳದು. ಕೆಡಿಸಿದ್ರೆ ಮನೆಯೊಳಗೆ ಸೇರಿಸಲ್ಲ."

ಹೆಂಡತಿ ಮಂಚದ ಅಂಚಿನಲ್ಲಿ ಕೂತು, ಅವನ ಹೊದಿಕೆಯನ್ನು ಪಾದದ ಕಡೆಯಿಂದ ಸರಿಸಿ ನೋಡಿದಳು. ಊತ ಇಳಿದು ಕಾಲು ತೆಳ್ಳಗಾಗಿತ್ತು, ಮೂಳೆಯ ಗಂಟುಗಳೆಲ್ಲ ಕಾಣುತ್ತಿದ್ದವು.

ಈಗ ತಮ್ಮ ಬಸ್ಸು ಓಡಿಸುವುದಿಲ್ಲ. ಡಿಪೋದಲ್ಲಿ ಹೊಸ ಡ್ರೈವರುಗಳಿಗೆ ಬ್ರೇಕು ಹಾಕುವುದು ಹೇಗೆಂದು ಕಲಿಸುತ್ತಾನೆ. ಅವನ ಹೆಂಡತಿ ಅಂಚೆ ಕಚೇರಿಗೆ ಮತ್ತೆ ಹೋಗುತ್ತಿದ್ದಾಳೆ. ಯಾಕಮ್ಮ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಮಾತ್ರೆ ನುಂಗಿ, ತೋಳಿಗೆ ಪಟ್ಟಿ ಸುತ್ತಿಕೊಂಡು ಕಿಟಕಿಯ ಹತ್ತಿರ ಸುಮ್ಮನೆ ಕೂರುತ್ತಾಳೆ. ಆ ಹೊತ್ತಿನಲ್ಲಿ ಯಾರಾದರೂ ಮೆಟ್ಟಿಲು ಹತ್ತಿ ಬಂದರೆ ಕೈ ಎತ್ತಿ ತಡೆಯುತ್ತಾಳೆ. ಅಂಕಿ ಬಂದ ಮೇಲೆ ಅದನ್ನೊಮ್ಮೆ ನೋಡಿ, ಪಟ್ಟಿ ಬಿಚ್ಚಿ, "ಹ್ಞಾ, ಹೇಳಿ" ಎಂದು ಟೇಪು ಕೈಗೆತ್ತಿಕೊಳ್ಳುತ್ತಾಳೆ.